ನೆಲದಿಂದ ಗೋಡೆಗೆ: ಆಸ್ಟ್ರೇಲಿಯಾದ ಮರುಭೂಮಿ ಚಿತ್ರಗಳು ಮತ್ತು ಪ್ರದರ್ಶನದ ಪ್ರಶ್ನೆ

1

ಆಸ್ಟ್ರೇಲಿಯಾದ ಮಧ್ಯ ಮತ್ತು ಪಶ್ಚಿಮ ಮರುಭೂಮಿಯ ಮೂಲನಿವಾಸಿ ಕಲಾವಿದರು ಚಿತ್ರ ಬರೆಯುವಾಗ ಕ್ಯಾನ್ವಾಸನ್ನು ಸಾಮಾನ್ಯವಾಗಿ ನೆಲದ ಮೇಲೆ ಹಾಸಿಕೊಂಡು ಅದರ ಅಂಚಿನಲ್ಲಿ, ಕೆಲವೊಮ್ಮೆ ಅದರ ಮೇಲೆಯೇ ಕುಳಿತುಕೊಳ್ಳುತ್ತಾರೆ. ಚಿತ್ರ ದೊಡ್ಡದಾದರೆ ಅದರ ಸುತ್ತ ಸರಿಯುತ್ತ ನಾಲ್ಕು ಕಡೆಯಿಂದಲೂ ಬಣ್ಣ ಹಚ್ಚುತ್ತಾರೆ. ಹೀಗೆ ಸಿದ್ಧವಾದ ಚಿತ್ರಕ್ಕೆ ಮೇಲು ಕೆಳಗು ಎಂಬುದಿಲ್ಲ. ದಿಕ್ಕುಗಳು ಮಾತ್ರ ಇರುತ್ತವೆ. ಅದೇ ಚಿತ್ರ ಸಿಡ್ನಿಯ, ಪ್ಯಾರಿಸ್ಸಿನ ಅಥವಾ ಟೋಕಿಯೋದ ಗ್ಯಾಲರಿಗೆ ಬಂದಾಗ ಬಿಳಿಯ ಗೋಡೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ಯಾವ ಅಂಚು ಮೇಲಿರಬೇಕೆಂಬುದನ್ನು ಬೇರೆ ಯಾರೋ ನಿರ್ಧರಿಸಿರುತ್ತಾರೆ. ಪಕ್ಕದ ಚೀಟಿಯಲ್ಲಿ ಒಬ್ಬ ಕಲಾವಿದರ ಹೆಸರು, ಒಂದು ಇಸವಿ, ಇಂಥ ಪ್ರಾಣಿಯ ಅಥವಾ ಇಂಥ ತಾಣದ ‘ಡ್ರೀಮಿಂಗ್’ ಎಂಬ ಶೀರ್ಷಿಕೆ ಇರುತ್ತವೆ.

ನೆಲದಿಂದ ಗೋಡೆಗೆ ಆಗುವ ಈ ಸ್ಥಾನಪಲ್ಲಟವನ್ನು ಕೇವಲ ಪ್ರದರ್ಶನದ ಅನುಕೂಲವೆಂದು ಭಾವಿಸಲಾಗದು. ಮರುಭೂಮಿಯ ಸಮುದಾಯಗಳಲ್ಲಿ ಚಿತ್ರವೆಂಬುದು ಮೊದಲಿಗೆ ಒಂದು ಹಕ್ಕಿನ ಮಾತು. ಈ ನೆಲದ ಕಥೆಯನ್ನು ಹೇಳುವ ಅಧಿಕಾರ ಯಾರಿಗಿದೆ, ಅದನ್ನು ಕೇಳುವ ಅಧಿಕಾರ ಯಾರಿಗಿದೆ ಎಂಬುದನ್ನು ಅದು ಸೂಚಿಸುತ್ತದೆ. ಗ್ಯಾಲರಿಯಾದರೋ ಟಿಕೆಟು ಪಡೆದ ಎಲ್ಲರಿಗೂ ಎಲ್ಲವನ್ನೂ ನೋಡುವ ಸ್ವಾತಂತ್ರ್ಯವಿದೆ ಎಂಬ ನಂಬಿಕೆಯ ಮೇಲೆ ನಿಂತ ಸಂಸ್ಥೆ. ಈ ಎರಡು ನಿಲುವುಗಳ ನಡುವಿನ ಜಗ್ಗಾಟವೇ ಕಳೆದ ಅರ್ಧ ಶತಮಾನದ ಮರುಭೂಮಿ ಕಲೆಯ ಚರಿತ್ರೆ ಎಂದರೆ ಅತಿಶಯವಾಗದು. ಹಾಡುವವರಿಂದ, ಹಾಡುವ ಸಂದರ್ಭದಿಂದ ಬೇರ್ಪಟ್ಟು ಮುದ್ರಣಗೊಂಡ ಮೌಖಿಕ ಪಠ್ಯಕ್ಕೆ ಏನಾಗುತ್ತದೆ ಎಂದು ಕೇಳಿಕೊಂಡು ಬಂದಿರುವ ಕನ್ನಡ ಜಾನಪದ ಅಧ್ಯಯನಕ್ಕೆ ಈ ಚರಿತ್ರೆ ತೀರ ದೂರದ್ದೆನಿಸಲಾರದು.

2

ಚರ್ಚೆಗೆ ತೊಡಗುವ ಮುನ್ನ ಪರಿಭಾಷೆಯ ಸಮಸ್ಯೆಯೊಂದನ್ನು ಎದುರಿಸಬೇಕಾಗುತ್ತದೆ. ‘ಡ್ರೀಮಿಂಗ್’ ಎಂಬ ಇಂಗ್ಲಿಷ್ ಶಬ್ದವನ್ನು ಕನ್ನಡದಲ್ಲಿ ‘ಕನಸು’ ಎಂದು ಅನುವಾದಿಸಿದರೆ ಅರ್ಥ ಪೂರ್ತಿ ದಾರಿ ತಪ್ಪುತ್ತದೆ. ತಪ್ಪು ಇಂಗ್ಲಿಷಿನಲ್ಲೇ ಆರಂಭವಾದದ್ದು. ಅರೆರ್ನ್ಟೆ ಜನರ ನಂಬಿಕೆಗಳನ್ನು ದಾಖಲಿಸಿದ ಬಾಲ್ಡ್ವಿನ್ ಸ್ಪೆನ್ಸರ್ ಮತ್ತು ಫ್ರಾಂಕ್ ಗಿಲ್ಲೆನ್ 19ನೆಯ ಶತಮಾನದ ಕೊನೆಯಲ್ಲಿ ಅವರ ಭಾಷೆಯ ಒಂದು ಪದವನ್ನು ‘ಕನಸಿನ ಕಾಲ’ ಎಂಬ ಅರ್ಥ ಬರುವಂತೆ ಇಂಗ್ಲಿಷಿಗೆ ತಂದರು. ವಾರ್ಲ್ಪಿರಿ ಭಾಷೆಯಲ್ಲಿ ಅದಕ್ಕೆ ಸಮೀಪದ ಪದ ‘ಜುಕುರ್ಪ’. ಮೂಲಪುರುಷರು, ಮೂಲಸ್ತ್ರೀಯರು, ಪ್ರಾಣಿರೂಪದ ಪೂರ್ವಜರು ನೆಲದ ಮೇಲೆ ನಡೆದಾಡಿ ಬೆಟ್ಟ, ಹಳ್ಳ, ನೀರಿನ ಗುಂಡಿಗಳನ್ನು ಉಂಟುಮಾಡಿದ ವೃತ್ತಾಂತ ಅದು. ಆದರೆ ಅದು ಮುಗಿದುಹೋದ ಕಾಲವಲ್ಲ. 1953ರಲ್ಲಿ ಈ ವಿಷಯವನ್ನು ಕುರಿತು ಬರೆದ ಮಾನವಶಾಸ್ತ್ರಜ್ಞ ಸ್ಟ್ಯಾನರ್, ಅದನ್ನು ಭೂತಕಾಲದಲ್ಲಿ ಮಾತ್ರ ಇರಿಸಿ ನೋಡುವುದು ಸಾಧ್ಯವಿಲ್ಲವೆಂದು ವಾದಿಸಿದ್ದರು.

ಕನ್ನಡದಲ್ಲಿ ‘ಸ್ಥಳಪುರಾಣ’ ಎಂಬ ಪದ ‘ಕನಸಿ’ಗಿಂತ ಎಷ್ಟೋ ಹತ್ತಿರದ್ದು. ಒಂದು ಜಾಗಕ್ಕೂ ಒಂದು ಕಥೆಗೂ ಇರುವ ಬಿಡಿಸಲಾಗದ ನಂಟನ್ನು ಅದು ಹೇಳುತ್ತದೆ. ಆದರೂ ಅದು ಸಾಲದು. ಯಾರು ಯಾರನ್ನು ಮದುವೆಯಾಗಬಹುದು, ಯಾವ ನೀರನ್ನು ಯಾರನ್ನು ಕೇಳಿ ಕುಡಿಯಬೇಕು, ಯಾವ ವಿಧಿಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬ ಕಟ್ಟಳೆಯೂ ಜುಕುರ್ಪವೇ. ಪುರಾಣ, ನಕ್ಷೆ, ಕಾನೂನು ಮೂರೂ ಒಂದೇ ಶಬ್ದದಲ್ಲಿ ಅಡಕವಾಗಿರುವುದರಿಂದ ಪ್ರಸ್ತುತ ಲೇಖನದಲ್ಲಿ ಆ ಶಬ್ದವನ್ನೇ ಉಳಿಸಿಕೊಳ್ಳಲಾಗಿದೆ.

ಜುಕುರ್ಪವನ್ನು ಕಾಣಿಸುವ ಸಾಧನಗಳು ಹಲವು: ಮೈಮೇಲೆ ಬರೆಯುವ ರೇಖೆಗಳು, ಬಂಡೆಯ ಮೇಲಿನ ಚಿತ್ರಗಳು, ಒಣಗಿದ ಗಿಡದ ಅರಳೆಗೆ ಕೆಮ್ಮಣ್ಣು, ಬಿಳಿಮಣ್ಣು ಬೆರೆಸಿ ನೆಲದ ಮೇಲೆ ರಚಿಸುವ ವಿಶಾಲವಾದ ಮಂಡಲಗಳು. ಹೆಂಗಸರು ಕಥೆ ಹೇಳುತ್ತ ಮರಳಿನ ಮೇಲೆ ಬೆರಳಿನಿಂದ ಗೀಚಿ, ಕಥೆ ಮುಂದುವರಿದಂತೆ ಅಂಗೈಯಿಂದ ಒರೆಸಿ ಮತ್ತೆ ಗೀಚುವ ರೂಢಿಯೂ ಉಂಟು. 1950ರ ದಶಕದಲ್ಲಿ ಯುಎಂಡುಮು ಎಂಬಲ್ಲಿ ವಾರ್ಲ್ಪಿರಿಗಳ ನಡುವೆ ಕ್ಷೇತ್ರಕಾರ್ಯ ಮಾಡಿ, 1973ರಲ್ಲಿ ಅದರ ಫಲವನ್ನು ಪುಸ್ತಕವಾಗಿ ಪ್ರಕಟಿಸಿದ ನ್ಯಾನ್ಸಿ ಮನ್ ಈ ಗೀಚುಗಳ ವ್ಯಾಕರಣವನ್ನು ವಿವರವಾಗಿ ಪರಿಶೀಲಿಸಿದರು. ವೃತ್ತವೊಂದು ನೀರಿನ ಗುಂಡಿಯಾಗಬಹುದು, ಬೆಂಕಿಯಾಗಬಹುದು, ಬಿಡಾರವಾಗಬಹುದು, ಹಣ್ಣಾಗಬಹುದು. ಇಂಗ್ಲಿಷಿನ ‘ಯು’ ಅಕ್ಷರದಂಥ ಬಾಗುಗೆರೆ ನೆಲದ ಮೇಲೆ ಕುಳಿತ ಮನುಷ್ಯ. ಕುಳಿತೆದ್ದಾಗ ಮರಳಿನಲ್ಲಿ ಉಳಿಯುವ ಅಚ್ಚು ಅದು. ಚಿಹ್ನೆಗಳ ಸಂಖ್ಯೆ ಕಡಿಮೆ, ಅರ್ಥಗಳು ಬಹಳ. ಈ ವೃತ್ತ ಇಲ್ಲಿ ಏನೆಂಬುದನ್ನು ಜೊತೆಯಲ್ಲಿ ಬರುವ ಮಾತು ಅಥವಾ ಹಾಡು ಮಾತ್ರ ಖಚಿತಪಡಿಸಬಲ್ಲದು. ಗ್ಯಾಲರಿಯ ಅಂಗಡಿಗಳಲ್ಲಿ ಮಾರುವ ‘ಚಿಹ್ನೆಗಳ ಕೀಲಿಕೈ’ಗಳಿಂದ ಚಿತ್ರವನ್ನು ಓದಲು ಹೊರಡುವವರು ನಿಘಂಟೊಂದನ್ನೇ ಹಿಡಿದು ಕಾವ್ಯ ಓದಲು ಹೊರಟವರಂತೆ ಮೋಸಹೋಗುತ್ತಾರೆ.

3

ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ವಾಯವ್ಯಕ್ಕೆ ಸುಮಾರು 240 ಕಿಲೋಮೀಟರ್ ದೂರದಲ್ಲಿರುವ ಪಪುನ್ಯ, ಸರ್ಕಾರ 1950ರ ದಶಕದ ಕೊನೆಯಲ್ಲಿ ನಿರ್ಮಿಸಿದ ವಸತಿ. ಪಿಂತುಪಿ, ಲುರಿಜ, ವಾರ್ಲ್ಪಿರಿ, ಅನ್ಮಟ್ಯೆರ್, ಅರೆರ್ನ್ಟೆ ಜನರನ್ನು ‘ವಿಲೀನೀಕರಣ’ದ ನೀತಿಯಡಿ ಅಲ್ಲಿ ಒಟ್ಟುಗೂಡಿಸಲಾಗಿತ್ತು. ತಮ್ಮ ತಮ್ಮ ನೆಲದಿಂದ ದೂರವಾದ ಹಿರಿಯರು ಅಲ್ಲಿದ್ದರು. 1971ರಲ್ಲಿ ಶಾಲೆಗೆ ಬಂದ ಚಿತ್ರಕಲಾ ಶಿಕ್ಷಕ ಜೆಫ್ರಿ ಬಾರ್ಡನ್ ಮಕ್ಕಳಿಂದ ಗೋಡೆಚಿತ್ರ ಬರೆಸಲು ಹೊರಟಾಗ ಆ ಕೆಲಸವನ್ನು ಈ ಹಿರಿಯರು ತಮ್ಮ ಕೈಗೆ ತೆಗೆದುಕೊಂಡರು. ಪಪುನ್ಯ ಇರುವ ಜಾಗ ಜೇನಿರುವೆಯ ಜುಕುರ್ಪಕ್ಕೆ ಸೇರಿದ್ದು. ಕಾಪಾ ಟ್ಜಂಪಿಟ್ಜಿನ್ಪ ಮತ್ತು ಇತರರು ಶಾಲೆಯ ಗೋಡೆಯ ಮೇಲೆ ಜೇನಿರುವೆಯನ್ನು ಬರೆದರು. ಮೊದಲು ಮೂಡಿದ ಇರುವೆ ಬಿಳಿಯರ ಪುಸ್ತಕಗಳಲ್ಲಿರುವಂಥದ್ದಾಗಿತ್ತೆಂದೂ, ಇದು ನಿಮ್ಮ ಇರುವೆಯೇ ಎಂದು ತಾನು ಕೇಳಿದ ಮೇಲೆ ಅದನ್ನು ಅಳಿಸಿ ತಮ್ಮ ಚಿಹ್ನೆಯಲ್ಲಿ ಬರೆದರೆಂದೂ ಬಾರ್ಡನ್ ನೆನಪಿಸಿಕೊಂಡಿದ್ದಾರೆ. ಆ ಗೋಡೆಚಿತ್ರದ ಮೇಲೆ 1974ರಲ್ಲಿ ಬಣ್ಣ ಬಳಿಯಲಾಯಿತು. ಇಂದು ಆಸ್ಟ್ರೇಲಿಯಾದ ಕಲಾಚರಿತ್ರೆ ತನ್ನ ತಿರುವೆಂದು ಗುರುತಿಸುವ ಕೃತಿ ಛಾಯಾಚಿತ್ರಗಳಲ್ಲಿ ಮಾತ್ರ ಉಳಿದಿದೆ.

ಗೋಡೆಯಿಂದ ಚಿತ್ರ ಹಲಗೆಗೆ ಇಳಿಯಿತು. ಕಟ್ಟಡದ ಕೆಲಸದಲ್ಲಿ ಮಿಕ್ಕ ತುಂಡು ಹಲಗೆ, ನೆಲಕ್ಕೆ ಹಾಸುವ ಬಿಲ್ಲೆ, ಸಿಕ್ಕಿದ ಬಣ್ಣ ಇವೇ ಆಗಿನ ಸಾಮಗ್ರಿ. 1971ರಲ್ಲೇ ಕಾಪಾ ಅವರ ಚಿತ್ರವೊಂದು ಆಲಿಸ್ ಸ್ಪ್ರಿಂಗ್ಸ್‌ನ ಸ್ಪರ್ಧೆಯಲ್ಲಿ ಬಹುಮಾನ ಹಂಚಿಕೊಂಡಿತು. 1972ರಲ್ಲಿ ಕಲಾವಿದರೇ ಒಡೆಯರಾದ ‘ಪಪುನ್ಯ ತುಲ ಆರ್ಟಿಸ್ಟ್ಸ್’ ಎಂಬ ಕಂಪನಿ ನೋಂದಣಿಯಾಯಿತು. ಅದೇ ವರ್ಷ ಬಾರ್ಡನ್ ಪಪುನ್ಯವನ್ನು ಬಿಟ್ಟರು. ಈ ಕಥನದಲ್ಲಿ ಬಿಳಿಯ ಶಿಕ್ಷಕನನ್ನೇ ನಾಯಕನನ್ನಾಗಿಸುವ ಒಂದು ಒಲವಿದೆ. ಕಾಪಾರಂಥವರು ಬಾರ್ಡನ್ ಬರುವ ಮೊದಲೇ ಮಾರಾಟಕ್ಕಾಗಿ ಚಿತ್ರ ಬರೆಯುತ್ತಿದ್ದರೆಂಬುದನ್ನು ಅದು ಮರೆಯುತ್ತದೆ.

ದೊಡ್ಡ ಗ್ಯಾಲರಿಗಳು ಇದನ್ನು ಕಲೆಯೆಂದು ಒಪ್ಪಲು ಹತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ಇದರ ಜಾಗ ಜನಾಂಗಶಾಸ್ತ್ರದ ವಸ್ತುಸಂಗ್ರಹಾಲಯವಾಗಿತ್ತು. ದಕ್ಷಿಣ ಆಸ್ಟ್ರೇಲಿಯಾದ ಆರ್ಟ್ ಗ್ಯಾಲರಿ 1980ರಲ್ಲಿ ಕ್ಲಿಫರ್ಡ್ ಪಾಸಮ್ ಟ್ಜಪಲ್ಟ್ಜರಿ ಅವರ ಚಿತ್ರವನ್ನು ಕೊಂಡದ್ದು, ಮರುವರ್ಷ ಸಿಡ್ನಿಯ ಸಮಕಾಲೀನ ಕಲಾಪ್ರದರ್ಶನದಲ್ಲಿ ಪಪುನ್ಯದ ಚಿತ್ರಗಳು ಸೇರಿದ್ದು ಮೊದಲ ಹೆಜ್ಜೆಗಳು. 1988ರಲ್ಲಿ ನ್ಯೂಯಾರ್ಕಿನ ಏಷ್ಯಾ ಸೊಸೈಟಿಯಲ್ಲಿ ಪ್ರದರ್ಶನ ನಡೆದ ಮೇಲೆ ಜಗತ್ತಿನ ಮಾರುಕಟ್ಟೆ ತೆರೆಯಿತು. ಅದರ ಮರುವರ್ಷ ಪ್ಯಾರಿಸ್ಸಿನ ‘ಮಜಿಸಿಯಾಂ ದ ಲ ತೆರ್’ ಪ್ರದರ್ಶನದಲ್ಲಿ ಯುಎಂಡುಮುವಿನ ವಾರ್ಲ್ಪಿರಿ ಹಿರಿಯರು ಸಭಾಂಗಣದ ನೆಲದ ಮೇಲೆಯೇ ಗೆಣಸಿನ ಜುಕುರ್ಪವನ್ನು ರಚಿಸಿದರು. ಅವರ ಹಿಂದಿನ ಗೋಡೆಯನ್ನು ಬ್ರಿಟಿಷ್ ಕಲಾವಿದ ರಿಚರ್ಡ್ ಲಾಂಗ್ ಕೆಸರಿನಿಂದ ಬರೆದ ಬೃಹತ್ ವೃತ್ತ ಆಕ್ರಮಿಸಿತ್ತು. ಒಂದು ಕೆಳಗೆ, ಒಂದು ಮೇಲೆ: ಆಗಿನ ಛಾಯಾಚಿತ್ರಗಳನ್ನು ನೋಡಿದವರಿಗೆ ಸಮಾನತೆಯ ಹೆಸರಿನಲ್ಲಿ ನಡೆದ ಆ ಪ್ರದರ್ಶನದ ಶ್ರೇಣಿ ವಿವರಣೆಯಿಲ್ಲದೆಯೇ ಕಾಣುತ್ತದೆ. ಮಧ್ಯಪ್ರದೇಶದ ಗೊಂಡ ಕಲಾವಿದ ಜನಗಢ ಸಿಂಗ್ ಶ್ಯಾಮ್ ಅವರ ಚಿತ್ರಗಳೂ ಅದೇ ಪ್ರದರ್ಶನದಲ್ಲಿದ್ದವು.

4

ಪಪುನ್ಯದ ಮೊದಲ ಹಲಗೆಗಳಲ್ಲಿ ವಿಧಿಗಳ ಸಾಮಗ್ರಿಗಳನ್ನೂ ಗುಪ್ತ ವಸ್ತುಗಳನ್ನೂ ನೇರವಾಗಿ ಚಿತ್ರಿಸಿದ್ದುಂಟು. ದೀಕ್ಷೆ ಪಡೆಯದವರು, ಹೆಂಗಸರು ನೋಡಬಾರದ ಸಂಗತಿಗಳು ಅವು. ಈ ಹಲಗೆಗಳು ಮಾರಾಟವಾಗಿ ಎಲ್ಲೆಲ್ಲಿಯೋ ತೂಗಾಡತೊಡಗಿದಾಗ ನೆರೆಯ ಸಮುದಾಯಗಳು ಬಲವಾಗಿ ಆಕ್ಷೇಪಿಸಿದವು. ಕೆಲವೇ ವರ್ಷಗಳಲ್ಲಿ ಅಂಥ ಚಿತ್ರಣ ಹಿಂದೆ ಸರಿಯಿತು. ಚುಕ್ಕಿಗಳು ಮುಂದೆ ಬಂದವು. ಹಿನ್ನೆಲೆಯನ್ನು ತುಂಬುತ್ತಿದ್ದ ಚುಕ್ಕಿಗಳು ಇಡೀ ಮೇಲ್ಮೈಯನ್ನು ಆವರಿಸಿದವು.

ಚುಕ್ಕಿ ಮುಚ್ಚುವುದಕ್ಕಾಗಿಯೇ ಬಂದಿತೆಂದು ಕೆಲವರು ಹೇಳುತ್ತಾರೆ. ನೆಲದ ಮಂಡಲದ ಅರಳೆಯ ಉಂಡೆಗಳೇ ಚುಕ್ಕಿಗಳಾದವೆಂದೂ, ಪೂರ್ವಜರ ಶಕ್ತಿಯ ಮಿನುಗನ್ನು ಅವು ತೋರಿಸುತ್ತವೆಂದೂ ಬೇರೆಯವರು ವಿವರಿಸುತ್ತಾರೆ. ಈ ವಿವರಣೆಗಳು ಒಂದನ್ನೊಂದು ಅಲ್ಲಗಳೆಯಬೇಕಾಗಿಲ್ಲ. ಇಲ್ಲಿ ಮುಖ್ಯವಾದುದೆಂದರೆ, ಜಗತ್ತಿನ ನೋಡುಗರು ‘ಮೂಲನಿವಾಸಿ ಶೈಲಿ’ ಎಂದು ಯಾವುದನ್ನು ಮೆಚ್ಚಿ ಕೊಂಡರೋ ಅದರಲ್ಲಿ ಒಂದು ಪಾಲು ಅವರಿಂದ ಮರೆಮಾಡುವ ಪರದೆಯಾಗಿತ್ತು. ಚಿತ್ರವು ತಾನು ಹೇಳದಿರುವುದನ್ನೂ ತನ್ನ ರೂಪದಲ್ಲಿಯೇ ಇಟ್ಟುಕೊಂಡಿತು. ಎಲ್ಲ ಅರ್ಥವನ್ನೂ ವಿಮರ್ಶಕನ ಎದುರು ತೆರೆದಿಡುವುದು ಪಠ್ಯದ ಕರ್ತವ್ಯವೆಂದು ತಿಳಿದಿರುವ ಸಾಹಿತ್ಯ ವಿಮರ್ಶೆಗೂ ಇದು ಯೋಚಿಸಬೇಕಾದ ಮಾತು.

ಗ್ಯಾಲರಿಗಳು ಈ ಪಾಠವನ್ನು ನಿಧಾನವಾಗಿ ಕಲಿತವು. 2009ರಲ್ಲಿ ಅಮೆರಿಕದಲ್ಲಿ ಪಪುನ್ಯದ ಆರಂಭಿಕ ಹಲಗೆಗಳ ಪ್ರದರ್ಶನ ನಡೆದಾಗ, ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಣ್ಣಿಗೆ ಬೀಳಬಾರದೆಂದು ಹಿರಿಯರು ಸೂಚಿಸಿದ ಚಿತ್ರಗಳನ್ನು ಮುಖ್ಯ ಗ್ರಂಥದಿಂದ ಹೊರಗಿಟ್ಟು ಪ್ರತ್ಯೇಕ ಪುರವಣಿಯಲ್ಲಿ ಮುದ್ರಿಸಲಾಯಿತು. ಅಮೆರಿಕದ ನೋಡುಗನಿಗೆ ಆ ಚಿತ್ರ ಬರಿಯ ಬಣ್ಣ, ಗೆರೆ. ಕಿಂತೋರೆಯ ಮಹಿಳೆಗೆ ಅದು ಅಪಾಯ. ಒಂದೇ ವಸ್ತು ಇಬ್ಬರಿಗೂ ಒಂದೇ ಆಗಿರುವುದಿಲ್ಲ. ಅತಿ ಹೆಚ್ಚು ಆರಂಭಿಕ ಹಲಗೆಗಳಿರುವ ಡಾರ್ವಿನ್ ನಗರದ ವಸ್ತುಸಂಗ್ರಹಾಲಯ 2017ರಲ್ಲಿ ತನ್ನ ಪ್ರದರ್ಶನವನ್ನು ಪಪುನ್ಯದ ಹಿರಿಯರೊಂದಿಗೆ ಸೇರಿ ಸಂಯೋಜಿಸಿತು. ವರ್ಷಗಟ್ಟಲೆ ಸಮಾಲೋಚನೆ ನಡೆಸಿ, ಕೆಲವು ಚಿತ್ರಗಳನ್ನು ತೋರಿಸಬಾರದೆಂಬ ತೀರ್ಮಾನಕ್ಕೆ ಮಣಿಯಿತು. ತನ್ನ ಭಂಡಾರದಲ್ಲಿರುವುದನ್ನು ತೋರಿಸದಿರುವುದೂ ಪ್ರದರ್ಶನದ ಭಾಗವೆಂದು ಒಂದು ಸಂಸ್ಥೆ ಒಪ್ಪಿದ್ದು ಸಣ್ಣ ಸಂಗತಿಯಲ್ಲ.

ಚೀಟಿಯ ಮೇಲಿನ ಒಂಟಿ ಹೆಸರಿನ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ವಾರ್ಲ್ಪಿರಿಗಳಲ್ಲಿ ಒಂದು ಜುಕುರ್ಪಕ್ಕೆ ತಂದೆಯ ಕಡೆಯಿಂದ ವಾರಸು ಬಂದವರನ್ನು ‘ಕಿರ್ದ’ ಎಂದೂ, ತಾಯಿಯ ಕಡೆಯಿಂದ ಸಂಬಂಧ ಬಂದವರನ್ನು ‘ಕುರ್ದುಂಗುರ್ಲು’ ಎಂದೂ ಕರೆಯುತ್ತಾರೆ. ಕಿರ್ದ ಒಡೆಯ, ಆದರೆ ಕುರ್ದುಂಗುರ್ಲು ಮುಂದೆ ನಿಂತು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳದೆ ಒಡೆಯ ವಿಧಿಯನ್ನು ನಡೆಸುವಂತಿಲ್ಲ. ಹೀಗಿರುವಾಗ ಕರ್ತೃ ಯಾರು? ಮಾರುಕಟ್ಟೆಗೆ ಒಂದು ಕೈ, ಒಂದು ಸಹಿ ಬೇಕು. 2023ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿ ಪ್ರದೇಶದ ಕೆಲವು ಚಿತ್ರಗಳಿಗೆ ಬಿಳಿಯ ಸಹಾಯಕರು ಕೈಹಚ್ಚಿದರೆಂಬ ಆರೋಪ ಬಂದು ಕ್ಯಾನ್ಬೆರಾದ ರಾಷ್ಟ್ರೀಯ ಗ್ಯಾಲರಿ ದೊಡ್ಡ ಪ್ರದರ್ಶನವೊಂದನ್ನು ಮುಂದೂಡಿದಾಗ ನಡೆದ ಚರ್ಚೆ ಬಹುಮಟ್ಟಿಗೆ ಕೈಯ ಕುರಿತಾಗಿತ್ತು. ಕಥೆಯ ಹಕ್ಕು ಯಾರದು ಎಂಬ ಹಳೆಯ ಪ್ರಶ್ನೆ ಅದರಲ್ಲಿ ಹಿಂದೆ ಬಿದ್ದಿತು.

5

ಎಮಿಲಿ ಕಾಮೆ ಉಂಗ್ವಾರೆ ಅವರ ಉದಾಹರಣೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡುವುದು ಅಗತ್ಯ. ಸುಮಾರು 1910ರಲ್ಲಿ ಹುಟ್ಟಿದ ಈ ಅನ್ಮಟ್ಯೆರ್ ಮಹಿಳೆ 1977ರಲ್ಲಿ ಯುಟೋಪಿಯ ಎಂಬಲ್ಲಿ ಇತರ ಹೆಂಗಸರೊಂದಿಗೆ ಬಾಟಿಕ್ ಕೆಲಸ ಕಲಿತರು. ಕ್ಯಾನ್ವಾಸಿನ ಮೇಲೆ ಬರೆಯತೊಡಗಿದ್ದು 1988ರ ಸುಮಾರಿಗೆ, ಎಂಬತ್ತರ ಅಂಚಿನಲ್ಲಿ. 1996ರಲ್ಲಿ ತೀರಿಕೊಳ್ಳುವವರೆಗಿನ ಎಂಟು ವರ್ಷಗಳಲ್ಲಿ ಅವರು ಬರೆದ ಚಿತ್ರಗಳ ಸಂಖ್ಯೆ ಸಾವಿರಗಳಲ್ಲಿದೆ. 1997ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಆಸ್ಟ್ರೇಲಿಯಾವನ್ನು ಪ್ರತಿನಿಧಿಸಿದ ಮೂವರಲ್ಲಿ ಅವರ ಹೆಸರೂ ಇತ್ತು. 2008ರಲ್ಲಿ ಒಸಾಕ, ಟೋಕಿಯೋಗಳಲ್ಲಿ, 2025ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಅವರ ಕೃತಿಗಳ ದೊಡ್ಡ ಪ್ರದರ್ಶನಗಳು ನಡೆದವು.

ಮರುಭೂಮಿಯ ಚಿತ್ರಗಳಲ್ಲಿ ಸಾಮಾನ್ಯವಾದ ವೃತ್ತ, ಬಾಗುಗೆರೆಗಳು ಅವರ ಕೃತಿಗಳಲ್ಲಿ ಅಪರೂಪ. ಹಾಗಾಗಿ ಪಾಶ್ಚಾತ್ಯ ವಿಮರ್ಶೆಗೆ ಅವರು ಬಹುಬೇಗ ‘ಅಮೂರ್ತ ಕಲಾವಿದೆ’ಯಾದರು; ತಾನು ಕಂಡೇ ಇರದ ಯುರೋಪಿನ, ಅಮೆರಿಕದ ಚಿತ್ರಕಾರರ ಸಾಲಿನಲ್ಲಿ ಅವರನ್ನು ಕೂರಿಸಲಾಯಿತು. ಇದು ಗೌರವದ ಮಾತೆಂಬುದರಲ್ಲಿ ಅನುಮಾನವಿಲ್ಲ. ಆದರೆ ‘ಅಮೂರ್ತ’ ಎಂಬುದು ಇಲ್ಲಿ ವಿವರಣೆಗಿಂತ ಹೆಚ್ಚಾಗಿ ವಿವರಣೆಯಿಂದ ಬಿಡುಗಡೆ. ಮೆಲ್ಬರ್ನಿನ ವಿಕ್ಟೋರಿಯಾ ರಾಷ್ಟ್ರೀಯ ಗ್ಯಾಲರಿಯಲ್ಲಿರುವ, 1995ರಲ್ಲಿ ಬರೆದ ದೊಡ್ಡ ಗೆಣಸಿನ ಚಿತ್ರವನ್ನು ನೋಡಬಹುದು. ಎಂಟು ಮೀಟರ್ ಉದ್ದ, ಸುಮಾರು ಮೂರು ಮೀಟರ್ ಎತ್ತರದ ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಗೆರೆಗಳು ಎಲ್ಲಿಯೂ ಕಡಿಯದಂತೆ ಹೆಣೆದುಕೊಂಡಿವೆ. ನೆಲದಡಿ ಹರಡುವ ಗೆಣಸಿನ ಬೇರು, ಬಿರುಕುಬಿಟ್ಟ ಮೇಲ್ಮಣ್ಣು, ‘ಅವೆಲ್ಯೆ’ ಎಂಬ ವಿಧಿಯಲ್ಲಿ ಹೆಂಗಸರು ಎದೆಯ ಮೇಲೆ ಬರೆದುಕೊಳ್ಳುವ ಪಟ್ಟೆ ಇವೆಲ್ಲ ಆ ಗೆರೆಗಳ ಹಿಂದಿವೆ. ಅವರ ಹೆಸರಿನ ‘ಕಾಮೆ’ ಎಂಬುದೇ ಆ ಗೆಣಸಿನ ಬೀಜದ ಹೆಸರು. ಏನನ್ನು ಬರೆಯುತ್ತೀರಿ ಎಂದು ಕೇಳಿದಾಗ ಗೆಣಸು, ಹುಲ್ಲುಬೀಜ, ಎಮು ಹಕ್ಕಿ ಎಂದು ಪಟ್ಟಿ ಮಾಡಿ, ಎಲ್ಲವನ್ನೂ ಎಂದು ಅವರು ಹೇಳಿದ್ದರು. ಅಮೂರ್ತವೆಂದರೆ ಇರುವುದನ್ನು ಬಿಡುತ್ತ ಹೋಗುವುದು. ಇಲ್ಲಿ ಏನನ್ನೂ ಬಿಟ್ಟಿಲ್ಲ.

ವಿಮರ್ಶೆ ಅಷ್ಟಾಗಿ ನೆನೆಯದ ಇನ್ನೊಂದು ಸಂಗತಿಯಿದೆ. ಯುಟೋಪಿಯದ ನೆಲದ ಹಕ್ಕಿನ ವಿಚಾರಣೆ 1970ರ ದಶಕದ ಕೊನೆಯಲ್ಲಿ ನಡೆದಾಗ ಅಲ್ಲಿನ ಹೆಂಗಸರು ಅವೆಲ್ಯೆಯ ಹಾಡು, ಕುಣಿತ, ಮೈಚಿತ್ತಾರಗಳನ್ನೇ ಸಾಕ್ಷ್ಯವಾಗಿ ಒಪ್ಪಿಸಿದ್ದರು. ಗ್ಯಾಲರಿಯಲ್ಲಿ ಲಯವೆಂದು ಕಾಣುವ ಗೆರೆ ಅದಕ್ಕೂ ಮೊದಲು ವಿಚಾರಣೆಯಲ್ಲಿ ವಾದವಾಗಿತ್ತು.

6

ಹಣದ ಮಾತನ್ನು ಬಿಟ್ಟು ಈ ವಿಷಯ ಮುಗಿಯದು. ಜಾನಿ ವರಂಗುಲ ಟ್ಜುಪುರುಲ 1972ರಲ್ಲಿ ಬರೆದ ಕಲಿಪಿನ್ಯ ಎಂಬಲ್ಲಿನ ನೀರಿನ ಚಿತ್ರ ಆಗ 150 ಡಾಲರಿಗೆ ಮಾರಾಟವಾಗಿತ್ತು. ಅದು 1997ರಲ್ಲಿ 2,06,000 ಡಾಲರಿಗೂ, 2000ದಲ್ಲಿ 4,86,500 ಡಾಲರಿಗೂ ಹರಾಜಾಯಿತು. ದೃಷ್ಟಿ ಮಂದವಾಗಿ ಬಡತನದಲ್ಲಿದ್ದ ಕಲಾವಿದನಿಗೆ ಅದರಲ್ಲಿ ಪಾಲಿರಲಿಲ್ಲ. ಅವರು 2001ರಲ್ಲಿ ತೀರಿಕೊಂಡರು. ಮರುಮಾರಾಟದ ಬೆಲೆಯಲ್ಲಿ ಶೇಕಡ 5ರಷ್ಟನ್ನು ಕಲಾವಿದರಿಗೆ ಅಥವಾ ವಾರಸುದಾರರಿಗೆ ಕೊಡಿಸುವ ಕಾಯ್ದೆ ಆಸ್ಟ್ರೇಲಿಯಾದಲ್ಲಿ ಜಾರಿಗೆ ಬಂದದ್ದು 2010ರ ಜೂನ್‌ನಲ್ಲಿ. ಇದರ ನಡುವೆ, 2007ರಲ್ಲಿ, ಕ್ಲಿಫರ್ಡ್ ಪಾಸಮ್ ಅವರ 1977ರ ‘ವಾರ್ಲುಗುಲಾಂಗ್’ ಚಿತ್ರವನ್ನು ರಾಷ್ಟ್ರೀಯ ಗ್ಯಾಲರಿ 24 ಲಕ್ಷ ಡಾಲರಿಗೆ ಕೊಂಡಿತು. ಅದರ ಮೊದಲ ಬೆಲೆ 1,200 ಡಾಲರು.

ಆದರೆ ಮಾರುಕಟ್ಟೆಯ ಎದುರು ಮರುಭೂಮಿಯವರು ಕೇವಲ ವಂಚಿತರಾಗಿದ್ದರು ಎನ್ನುವುದೂ ಸರಿಯಲ್ಲ. ಆಲಿಸ್ ಸ್ಪ್ರಿಂಗ್ಸ್‌ನಿಂದ 500 ಕಿಲೋಮೀಟರ್ ಪಶ್ಚಿಮಕ್ಕಿರುವ ಕಿಂತೋರೆಯಲ್ಲಿ ಮೂತ್ರಪಿಂಡದ ಕಾಯಿಲೆ ಬಂದವರು ಡಯಾಲಿಸಿಸ್‌ಗಾಗಿ ಊರು ಬಿಟ್ಟು ಪಟ್ಟಣ ಸೇರಲೇಬೇಕಾಗಿತ್ತು. ತಮ್ಮ ನೆಲದಿಂದ ದೂರವೇ ಸಾಯಬೇಕಾಗಿತ್ತು. ಪಪುನ್ಯ ತುಲದ ಕಲಾವಿದರು ಒಟ್ಟಾಗಿ ಬರೆದ ದೊಡ್ಡ ಚಿತ್ರಗಳನ್ನೂ ಇತರ ಕೃತಿಗಳನ್ನೂ 2000ದ ನವೆಂಬರ್‌ನಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ಆರ್ಟ್ ಗ್ಯಾಲರಿಯಲ್ಲಿ ಹರಾಜು ಹಾಕಲಾಯಿತು. ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಸೇರಿತು. 2004ರಲ್ಲಿ ಕಿಂತೋರೆಯಲ್ಲೇ ಡಯಾಲಿಸಿಸ್ ಆರಂಭವಾಯಿತು. ನೆಲದ ಚಿತ್ರವನ್ನು ಮಾರಿ ನೆಲಕ್ಕೆ ಮರಳುವ ದಾರಿಯನ್ನು ಕೊಂಡದ್ದು ಇದು.

ಚಿತ್ರವನ್ನು ಕೊಟ್ಟಂತೆಯೇ ಹಿಂಪಡೆಯಲೂ ಬಲ್ಲೆವೆಂದು ತೋರಿಸಿದವರು ಮೈಕೆಲ್ ನೆಲ್ಸನ್ ಜಗಮಾರ. 1988ರಲ್ಲಿ ತೆರೆದ ಕ್ಯಾನ್ಬೆರಾದ ಹೊಸ ಸಂಸತ್ ಭವನದ ಅಂಗಳದ ಕಲ್ಲುಹಾಸು ಚಿತ್ರ ಅವರ ವಿನ್ಯಾಸ. ಆ ನೆಲ ಬಿಳಿಯರು ಬರುವ ಮೊದಲು ಯಾರಿಗೂ ಸೇರಿರಲಿಲ್ಲವೆಂಬ ಕಾನೂನಿನ ಕಟ್ಟುಕಥೆಯನ್ನು 1992ರ ಮಾಬೊ ತೀರ್ಪು ತಳ್ಳಿಹಾಕಿತು. ಮರುವರ್ಷ ಮೂಲನಿವಾಸಿಗಳ ನೆಲದ ಹಕ್ಕಿನ ಮಸೂದೆಯ ಸ್ವರೂಪವನ್ನು ಪ್ರತಿಭಟಿಸಿ ಜಗಮಾರ ಉಳಿ ಹಿಡಿದು ತಮ್ಮ ಚಿತ್ರದ ನಡುವಿನ ಕಲ್ಲೊಂದನ್ನು ಕಿತ್ತರು.

ಆ ಕಾಯ್ದೆಯಡಿ ಗ್ರೇಟ್ ಸ್ಯಾಂಡಿ ಮರುಭೂಮಿಯ ವಾಲ್ಮಜರಿ, ವಂಗ್ಕಜುಂಗ, ಮಂಗಲ, ಜುವಾಲಿನಿ ಭಾಷಿಕರು ತಮ್ಮ ನೆಲಕ್ಕಾಗಿ ಅರ್ಜಿ ಹಾಕಿದರು. ನ್ಯಾಯಮಂಡಲಿಯ ಮಾತು ಇಂಗ್ಲಿಷ್. ಹಿರಿಯರಿಗೆ ಅದು ಪರಭಾಷೆ. ಆಗ ಅವರು ತಮ್ಮ ನೆಲವನ್ನು ಬರೆದು ತೋರಿಸಲು ನಿಶ್ಚಯಿಸಿದರು. 1996ರಲ್ಲಿ ಬರೆದ ಮೊದಲ ಕ್ಯಾನ್ವಾಸ್ ಸಾಲದೆಂದು 1997ರಲ್ಲಿ ಪಿರ್ನಿನಿ ಎಂಬಲ್ಲಿ ಇನ್ನೂ ದೊಡ್ಡದೊಂದನ್ನು ಹಾಸಿದರು: ಎಂಟು ಮೀಟರಿಗೆ ಹತ್ತು ಮೀಟರು. ನಲವತ್ತಕ್ಕೂ ಹೆಚ್ಚು ಮಂದಿ ತಮ್ಮ ತಮ್ಮ ‘ಜಿಲ’, ಎಂದರೆ ಬತ್ತದ ನೀರಿನ ತಾಣ, ಎಲ್ಲಿದೆಯೋ ಅಲ್ಲಿ ಕುಳಿತು ಬರೆದರು. ಅದನ್ನು ‘ಙುರಾರ’ ಕ್ಯಾನ್ವಾಸ್ ಎಂದು ಕರೆಯುತ್ತಾರೆ.

2007ರ ನವೆಂಬರ್ 9ರಂದು ಫೆಡರಲ್ ನ್ಯಾಯಾಲಯ 75,000 ಚದರ ಕಿಲೋಮೀಟರಿಗೂ ಮೀರಿದ ಆ ನೆಲದ ಮೇಲೆ ಅವರ ಹಕ್ಕನ್ನು ಮಾನ್ಯ ಮಾಡಿತು. ಅದಕ್ಕೆ ಹತ್ತು ವರ್ಷ ಮುಂಚೆ, ಅಧಿಕಾರಿಗಳು ಬಂದಾಗ ಕ್ಯಾನ್ವಾಸನ್ನು ಎತ್ತಿ ನಿಲ್ಲಿಸಿರಲಿಲ್ಲ; ಅದು ನೆಲದ ಮೇಲೆಯೇ ಇತ್ತು. ಒಬ್ಬೊಬ್ಬರಾಗಿ ಹೋಗಿ ತಾವು ಬರೆದ ಭಾಗದ ಮೇಲೆ ನಿಂತು, ತಮ್ಮ ಭಾಷೆಯಲ್ಲಿ ಆ ಜಾಗದ ಸಂಗತಿ ಹೇಳಿದರು. ಅದನ್ನು ಇಂಗ್ಲಿಷಿಗೆ ಅನುವಾದಿಸಲಾಯಿತು.